ಹಲಗೆಯ ಆಚೆ ಹನ್ನೊಂದು ಮೈಲಿ

ಮುಳಬಾಗಿಲಿನಲ್ಲಿ ಒಂದು ಕಾಲಕ್ಕೆ ಜಟಕಾ ಎಂದರೆ ಓಬೇದುಲ್ಲಾ ಕಟ್ಟಿದ ಜಟಕಾ. ಕೋಲಾರದವರು, ಶ್ರೀನಿವಾಸಪುರದವರು ಬಂದು ಹೇಳಿ ಮಾಡಿಸಿಕೊಂಡು ಹೋಗುತ್ತಿದ್ದರು. ಅವನ ಗಾಡಿಯಲ್ಲಿ ಕಣ್ಣು ಮುಚ್ಚಿ ಕುಳಿತರೂ ಗುರುತು ಸಿಗುತ್ತಿತ್ತು. ಚಕ್ರ ಗುಂಡಿಗೆ ಇಳಿದ ಪೆಟ್ಟು ಸೊಂಟಕ್ಕೆ ಬರುವ ಮೊದಲೇ ಎಲ್ಲೋ ಕರಗಿಹೋಗುತ್ತಿತ್ತು. ಮರದ ಕೆಲಸ ಅವನದು, ಕಬ್ಬಿಣದ ಕೆಲಸ ನನ್ನದು. ನನ್ನ ಕುಲುಮೆ ಅವನ ಕೊಟ್ಟಿಗೆಯ ಎದುರಿಗೇ ಇತ್ತು. ಆ ಕರಗುವ ಪೆಟ್ಟಿನಲ್ಲಿ ಅರ್ಧ ಪಾಲು ನನ್ನ ಸುತ್ತಿಗೆಯದು ಎಂದು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಿದರೆ ಜಂಬ ಅನ್ನಿಸೀತು. ಶಾಲೆಗೆ ಹೋದವನಲ್ಲ ನಾನು. ಅಂಗಡಿಯವರು ಮೊಳೆ ಕಟ್ಟಿ ಕೊಡುತ್ತಿದ್ದ ಹಳೆಯ ಕಾಗದಗಳನ್ನು ಓದಿ ಓದಿ ಅಕ್ಷರ ಕಲಿತೆ. ಕಂಡದ್ದನ್ನು ಬರೆಯಲು ಅಷ್ಟು ಸಾಕು.

ಜಟಕಾದವರಿಗೆ ಒಂದು ಕಟ್ಟಲೆಯಿತ್ತು. ಗೋಷಾದ ಹೆಂಗಸರು ಹತ್ತುವಾಗ ಗಾಡಿಯವನು ಕುದುರೆಯನ್ನೂ ದಾಟಿ ಮುಂದಕ್ಕೆ ಹೋಗಿ, ಮುಖವನ್ನು ಆಚೆ ತಿರುಗಿಸಿ ನಿಲ್ಲಬೇಕು. ಪರದೆ ಇಳಿಬಿಟ್ಟ ಸದ್ದು ಕೇಳಿದ ಮೇಲೆ ಬಂದು ಲಗಾಮು ಹಿಡಿಯಬೇಕು. ದಾರಿಯುದ್ದಕ್ಕೂ ಹಿಂದೆ ನೋಡಬಾರದು, ತಾನಾಗಿ ಮಾತಾಡಿಸಬಾರದು, ಯಾರ ಮನೆಯವರು ಎಂದು ಕೇಳಬಾರದು. ಓಬೇದುಲ್ಲಾ ಗಾಡಿ ಕಟ್ಟಲು ಕಲಿಯುವ ಮೊದಲು ಹತ್ತು ವರ್ಷ ಗಾಡಿ ಹೊಡೆದವನು. ಅವನ ಕತ್ತಿಗೆ ಹಿಂದಕ್ಕೆ ತಿರುಗುವ ಕೀಲನ್ನೇ ದೇವರು ಇಟ್ಟಿಲ್ಲ ಎಂದು ಅವರ ಮೊಹಲ್ಲಾದ ಮುದುಕಿಯರು ಹೊಗಳುತ್ತಿದ್ದರು. ಈ ಹೊಗಳಿಕೆ ಅವನಿಗೆ ಬಲು ಇಷ್ಟ. ಬಾಯಿಬಿಟ್ಟು ಹೇಳದಿದ್ದರೂ ಮೀಸೆಯ ತುದಿಯಲ್ಲಿ ಕಾಣುತ್ತಿತ್ತು.

ಅವನ ಮನೆ ಊರೊಳಗಿರಲಿಲ್ಲ. ದೇವರಾಯಸಮುದ್ರದ ಕೆರೆಯ ಹಿಂದೆ, ಬಂಡೆಗಳ ನಡುವೆ, ಎಂಟು ಹತ್ತು ಮನೆಗಳ ಒಂದು ಹಟ್ಟಿ. ಅಲ್ಲಿ ಅವನ ಅಪ್ಪ ಬಿಟ್ಟುಹೋದ ಮನೆ, ನಾಲ್ಕು ಹುಣಸೆ ಮರ. ಸಾವಿರದ ಒಂಬೈನೂರ ಮೂವತ್ತೊಂಬತ್ತರಲ್ಲಿ ಮದುವೆಯಾದ. ಹುಡುಗಿ ನಂಗಲಿಯ ಕಡೆಯವಳು, ಅಖ್ತರ್ ಬಾನು. ಸಂಜೆ ಕೆಲಸ ಬಿಟ್ಟರೆ ಮೊದಲೆಲ್ಲ ನನ್ನ ಕುಲುಮೆಯಲ್ಲಿ ಒಂದು ಗಳಿಗೆ ಕೂತು ಬೀಡಿ ಸೇದಿ ಹೋಗುತ್ತಿದ್ದವನು, ಮದುವೆಯಾದ ಮೇಲೆ ಉಳಿಯನ್ನು ಒರೆಸದೆಯೂ ಎದ್ದು ಓಡುತ್ತಿದ್ದ.

ಯುದ್ಧ ಬಂತು. ಅಷ್ಟರಲ್ಲಿ ಬಸ್ಸುಗಳೂ ಬಂದಿದ್ದವು, ಜಟಕಾ ಮಾಡಿಸುವವರು ಕಡಿಮೆಯಾದರು. ನಲವತ್ತೆರಡರಲ್ಲಿ ಮಿಲಿಟರಿಯವರು ಕೈಕೆಲಸ ಬಲ್ಲವರನ್ನು ಹುಡುಕುತ್ತಾ ಬಂದಾಗ ಓಬೇದುಲ್ಲಾ ಹೆಸರು ಕೊಟ್ಟ. ಹೆಂಡತಿಯನ್ನು ತಾಯಿಯ ಹತ್ತಿರ ಬಿಟ್ಟು ಬರ್ಮಾ ಗಡಿಯ ಬೆಟ್ಟಗಳಿಗೆ ಹೋದ. ಆಗ ಆಕೆಗೆ ನಾಲ್ಕನೇ ತಿಂಗಳು.

ಹೆರಿಗೆ ನೋವು ಬಂದಾಗ ಸೂಲಗಿತ್ತಿಯ ಕೈಗೆ ನಿಲುಕಲಿಲ್ಲ. ಪಕ್ಕದ ಮನೆಯ ಇಮಾಮ್ ಸಾಬ್ ಎತ್ತಿನ ಗಾಡಿ ಹೂಡಿದ. ಹಟ್ಟಿಯಿಂದ ಮುಳಬಾಗಿಲಿನ ಆಸ್ಪತ್ರೆಗೆ ಎಂಟು ಮೈಲಿ, ಅದರಲ್ಲಿ ಮೂರು ಮೈಲಿ ಬರಿಯ ಬಂಡೆ ಮತ್ತು ಕೊರಕಲು. ಗಾಡಿ ಆಸ್ಪತ್ರೆಗೆ ಬರುವಷ್ಟರಲ್ಲಿ ಮಗು ಹುಟ್ಟಿ ಸತ್ತಿತ್ತು. ಓಬೇದುಲ್ಲಾನಿಗೆ ಕಾಗದ ಸೇರಿದ್ದು ಮೂರು ತಿಂಗಳ ಮೇಲೆ. ಅಷ್ಟರೊಳಗೆ ಆಕೆಯ ಅಣ್ಣ ನಜೀರ್ ಅಹಮದ್ ಬಂದು ತಂಗಿಯನ್ನು ನಂಗಲಿಗೆ ಕರೆದುಕೊಂಡು ಹೋಗಿದ್ದ. ಓಬೇದುಲ್ಲಾನ ತಾಯಿಯೂ ಒಂದು ವರ್ಷದಲ್ಲಿ ತೀರಿಕೊಂಡಳು.

ನಲವತ್ತಾರರ ಮೊದಲಲ್ಲಿ ಓಬೇದುಲ್ಲಾ ತಿರುಗಿ ಬಂದ. ತಗಡಿನ ಪೆಟ್ಟಿಗೆಯನ್ನು ನನ್ನ ಕುಲುಮೆಯಲ್ಲೇ ಇಳಿಸಿ ಅದೇ ಕಾಲಲ್ಲಿ ನಂಗಲಿಗೆ ಹೋದ. ಮಾರನೆಯ ದಿನ ಒಬ್ಬನೇ ಬಂದ.

"ಏನಂದ್ರೋ?" ಅಂದೆ.

"ಒಳಗಿಂದ ಹೇಳಿ ಕಳ್ಸಿದ್ಳು. ಆ ದಾರೀಲಿ ಇನ್ನೊಂದ್ಸಲ ಗಾಡಿ ಹತ್ತಲ್ಲ ಅಂತ."

"ಅಷ್ಟೇನಾ?"

"ಅಷ್ಟೇ ಕಣೋ ಆವಲಪ್ಪ. ತಪ್ಪೇನೈತೆ ಅದರಲ್ಲಿ? ನೀನೇ ಹೇಳು, ಆ ಬಂಡೆ ಮೇಲೆ ಬಸುರಿ ಹೆಂಗಸು ಕೂತು ಬರೋ ಹಂಗೈತಾ?"

ಅವನು ಬೇಸರದಲ್ಲಿರಲಿಲ್ಲ. ಕೆಲಸ ಸಿಕ್ಕಿದವನ ಹಾಗೆ ಮುಖದಲ್ಲಿ ಕಳೆಯಿತ್ತು. ದಾರಿ ಕುಲುಕುತ್ತದೆ ಎನ್ನುವುದು ತಾನೇ ದೂರು, ಕುಲುಕದ ಹಾಗೆ ಮಾಡುವುದು ತನಗೆ ಗೊತ್ತಿರುವ ವಿದ್ಯೆ. ಅವತ್ತು ಅವನಿಗೆ ಹಾಗೆ ಕಂಡಿತು, ನನಗೂ ಹಾಗೆಯೇ ಕಂಡಿತು.

ಆ ವರ್ಷವೇ ಬೆಂಗಳೂರಿನಲ್ಲಿ ಮಿಲಿಟರಿ ಸಾಮಾನುಗಳ ಹರಾಜು ಶುರುವಾಗಿತ್ತು. ಓಬೇದುಲ್ಲಾ ಹೋಗಿ ಒಂದು ಜೀಪು ತಂದ. ಮುಳಬಾಗಿಲಿನ ಬೀದಿಯಲ್ಲಿ ಅದು ನಿಂತಾಗ ಜನ ಜಾತ್ರೆಯಂತೆ ನೆರೆದರು. ಬಾಗಿಲಿಲ್ಲ, ಮೇಲೆ ಸೂರಿಲ್ಲ, ಮೂತಿ ಚಪ್ಪಟೆ, ಬಣ್ಣ ಒಣಗಿದ ಸಗಣಿಯದು. ತಿರುಗಿಸುವ ಚಕ್ರ ಎಡಗಡೆಗಿತ್ತು.

"ಸಾಬರೇ, ಇದನ್ನ ಕನ್ನಡೀಲಿ ನೋಡ್ಕೊಂಡು ಮಾಡವ್ರೇನು?" ಎಂದ ಕೆರೆಯ ನೀರುಗಂಟಿ ದೊಡ್ಡಮುನಿಯಪ್ಪ.

"ನೀನು ನಗು. ಬರ್ಮಾದಲ್ಲಿ ಇದು ಆನೆ ಹತ್ತದ ಜಾಗ ಹತ್ತೈತೆ. ನಾಲ್ಕು ಚಕ್ರಾನೂ ದೂಡ್ತಾವೆ, ಗೊತ್ತಾ?"

"ಆನೆ ಸೊಪ್ಪು ತಿಂದು ಇರ್ತದೆ. ಇದುಕ್ಕೆ ಏನು ತಿನ್ನಿಸ್ತೀಯ?"

ಪೆಟ್ರೋಲಿಗೆ ಆಗ ಕೂಪನ್ನು ಬೇಕಿತ್ತು. ಅದಕ್ಕೂ ದಾರಿ ಸಿಕ್ಕಿದ್ದು ಆಮೇಲಿನ ಮಾತು.

ನಿಜ ಹೇಳಬೇಕೆಂದರೆ ಜೀಪು ಬೆಟ್ಟ ಹತ್ತುವುದಕ್ಕೆ ಹುಟ್ಟಿದ್ದೇ ಹೊರತು ಮನುಷ್ಯರನ್ನು ಕೂರಿಸುವುದಕ್ಕಲ್ಲ. ಮೊದಲ ದಿನ ನನ್ನನ್ನು ಹಿಂದೆ ಕೂರಿಸಿಕೊಂಡು ಹಟ್ಟಿಯ ದಾರಿಗೆ ಹೋದ. ಬಂದಿಳಿದಾಗ ನನ್ನ ಹಲ್ಲು ಲೆಕ್ಕಕ್ಕೆ ಸರಿ ಇವೆಯೇ ಎಂದು ನಾಲಿಗೆಯಿಂದ ಮುಟ್ಟಿ ನೋಡಿಕೊಂಡೆ.

ಆವತ್ತಿನಿಂದ ಒಂಬತ್ತು ತಿಂಗಳು ಆ ಗಾಡಿ ನನ್ನ ಕುಲುಮೆಯ ಮುಂದೆ ಬಿಚ್ಚಿಕೊಂಡು ಬಿದ್ದಿತ್ತು. ಪೆಟ್ಟು ಹೀರುವ ಕಮಾನು ಪಟ್ಟಿಗಳನ್ನು ಒಂದೊಂದಾಗಿ ಕಳಚಿದೆವು. ಕೆಲವನ್ನು ತೆಗೆದೇಬಿಟ್ಟೆವು, ಉಳಿದವುಗಳ ತುದಿಯನ್ನು ನಾನು ಕಾಯಿಸಿ ಬಡಿದು ತೆಳುವು ಮಾಡಿದೆ. ಪಟ್ಟಿ ಪಟ್ಟಿಯ ನಡುವೆ ಹರಳೆಣ್ಣೆ ಕುಡಿಸಿದ ಎಮ್ಮೆ ಚರ್ಮದ ತುಂಡುಗಳನ್ನಿಟ್ಟು ಬಿಗಿದೆವು. ಜಟಕಾಗೆ ನಾವು ಮಾಡುತ್ತಿದ್ದುದೇ ಅದು, ಮಿಲಿಟರಿಯವರಿಗೆ ಗೊತ್ತಿರಲಿಲ್ಲ ಅಷ್ಟೆ. ಹೆಂಗಸು ಮಲಗಿ ಹೋಗಬೇಕಾದರೆ ಹಿಂದಿನ ತೊಟ್ಟಿ ಸಾಲದು ಎಂದು ಅದನ್ನು ಎರಡಡಿ ಹಿಂದಕ್ಕೆ ಬೆಳೆಸಿದೆವು. ಒಳಗೆ ಹುಲ್ಲು ಹಾಸಿ, ಮೇಲೆ ಗೋಣಿ, ಅದರ ಮೇಲೆ ಜಮಖಾನ. ತಲೆಯ ಮೇಲೆ ಕ್ಯಾನ್ವಾಸು.

ಅಲ್ಲೊಂದು ತಪ್ಪು ಮಾಡಿದೆವು. ಜಟಕಾದಲ್ಲಿ ಭಾರ ಸ್ವಲ್ಪ ಹಿಂದಕ್ಕಿದ್ದರೆ ಒಳ್ಳೆಯದು, ಕುದುರೆಯ ಬೆನ್ನು ಹಗುರಾಗುತ್ತದೆ. ಅದೇ ಅಂದಾಜಿನಲ್ಲಿ ಜೀಪಿನ ಭಾರವನ್ನೆಲ್ಲ ಹಿಂದಕ್ಕೆ ತಳ್ಳಿದ್ದೆವು. ಹಿಂದೆ ನಾಲ್ಕು ಮೂಟೆ ರಾಗಿ ಹೇರಿ ಕೆರೆಯ ಏರಿ ಹತ್ತಿಸಿ ನೋಡುವಾಗ ಮುಂದಿನ ಚಕ್ರಗಳು ನೆಲ ಬಿಟ್ಟವು. ಓಬೇದುಲ್ಲಾ ಎಷ್ಟು ತಿರುಗಿಸಿದರೂ ಗಾಡಿ ತನ್ನ ಪಾಡಿಗೆ ತಾನು ಕೆರೆಯ ಕಡೆ ಹೊರಟಿತು. ದೊಡ್ಡಮುನಿಯಪ್ಪ ತೂಬಿನ ಕಲ್ಲಿನ ಮೇಲೆ ನಿಂತು ಕೂಗಿದ:

"ಲೇ ಲೇ! ಕುದುರೆ ಕಟ್ಟೋದು ಮರೆತ್ಬಿಟ್ರಾ ಏನ್ಲಾ?"

ನೀರಿಗೆ ನಾಲ್ಕು ಮಾರು ಇರುವಾಗ ನಿಂತಿತು. ಮಾರನೆಯ ದಿನ ಮುಂದಿನ ಬಂಪರಿಗೆ ಹೆಚ್ಚಿನ ಚಕ್ರ, ನೀರಿನ ಡಬ್ಬ, ಸಾಲದೆ ಕಬ್ಬಿಣ ಬಡಿಯಲು ಇಟ್ಟುಕೊಂಡಿದ್ದ, ಬಿರುಕುಬಿಟ್ಟ ನನ್ನ ಹಳೆಯ ಅಡಿಗಲ್ಲನ್ನೂ ಬೋಲ್ಟು ಹಾಕಿ ಬಿಗಿದೆವು. ಮೂತಿ ನೆಲ ಕಚ್ಚಿತು. ಬಂಡೆಯ ದಾರಿಗೆ ಇಳಿಯುವಾಗ ಚಕ್ರಗಳ ಗಾಳಿ ಅರ್ಧ ಇಳಿಸುವುದು, ಸಡಕಿಗೆ ಬಂದ ಮೇಲೆ ಕೈಪಂಪಿನಿಂದ ತುಂಬುವುದು, ಇದು ಓಬೇದುಲ್ಲಾ ಬರ್ಮಾದಿಂದ ತಂದ ವಿದ್ಯೆ. ಒಂದು ಹಿತ್ತಾಳೆಯ ಚೊಂಬಿನ ಕಂಠಮಟ್ಟ ನೀರು ತುಂಬಿ ಜಮಖಾನದ ಮೇಲೆ ಇಟ್ಟು ಹಟ್ಟಿಗೆ ಹೋಗಿ ಬರುತ್ತಿದ್ದ. ಮೊದಮೊದಲು ಚೊಂಬೇ ಉರುಳುತ್ತಿತ್ತು. ಆಮೇಲೆ ಅರ್ಧ ಉಳಿಯಿತು. ನಲವತ್ತೇಳರ ನಡುವೆ ಒಂದು ದಿನ ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು ತಂದು ನನ್ನ ಮುಂದಿಟ್ಟ. ಒಂದು ಬೆರಳಿನಷ್ಟು ಕೂಡ ಇಳಿದಿರಲಿಲ್ಲ. ಇಬ್ಬರೂ ಆ ನೀರನ್ನು ಕುಡಿದೆವು.

ಕೊನೆಗೆ ಅವನು ಹಲಗೆ ಹಾಕಿದ. ಮುಂದಿನ ಆಸನದ ಬೆನ್ನಿಗೆ, ನೆಲದಿಂದ ಕ್ಯಾನ್ವಾಸಿನವರೆಗೆ, ಹಲಸಿನ ಮರದ ಒಂದೇ ಹಲಗೆ. ಇರುವೆ ನುಸುಳಲು ಸಂದಿಲ್ಲ.

"ಇದ್ಯಾಕೋ? ಪರದೆ ಸಾಲ್ದಾ?" ಅಂದೆ.

"ಪರದೆ ಗಾಳಿಗೆ ಹಾರ್ತದೆ. ಇದು ಜಟಕಾ ಅಲ್ಲ, ಓಡೋ ಗಾಡಿ. ಗೋಷಾದ ಮನೆಯೋರು ನಂಬಿ ಹತ್ತಬೇಕಲ್ಲ."

"ಒಳಗಿರೋರಿಗೆ ಏನಾದ್ರೂ ಬೇಕಾದ್ರೆ?"

"ತಟ್ತಾರೆ. ಒಂದ್ಸಲ ತಟ್ಟಿದ್ರೆ ನಿಧಾನ ಮಾಡು ಅಂತ. ಬಡಬಡ ತಟ್ಟಿದ್ರೆ ನಿಲ್ಸು ಅಂತ."

ಗಾಡಿ ಸಿದ್ಧವಾದ ಮೇಲೆ ನಂಗಲಿಗೆ ಹೇಳಿ ಕಳಿಸಿದ. ಇನ್ನೂ ಸ್ವಲ್ಪ ದಿನ ಹೋಗಲಿ ಎಂದು ನಜೀರ್ ಅಹಮದ್ ಉತ್ತರ ಕೊಟ್ಟ. ಸ್ವಲ್ಪ ದಿನ ಎಂದರೆ ಎಷ್ಟು ಎಂದು ಇವನು ಕೇಳಲಿಲ್ಲ.

ಬಂದ ಗಾಡಿ ಸುಮ್ಮನಿರಬಾರದಲ್ಲ. ಆಸ್ಪತ್ರೆಯಲ್ಲಿ ಭಾರತಮ್ಮ ಎನ್ನುವ ನರ್ಸಮ್ಮ ಇದ್ದರು, ಹೆರಿಗೆ ನೋಡುವವರು. ಅವರು ಒಂದು ಸಲ ಈ ಗಾಡಿಯಲ್ಲಿ ಹಳ್ಳಿಗೆ ಹೋಗಿ ಬಂದವರೇ ಡಾಕ್ಟರಿಗೆ ಹೇಳಿ ಪೆಟ್ರೋಲಿನ ಕೂಪನ್ನು ಬರೆಸಿಕೊಟ್ಟರು. ಅಂದಿನಿಂದ ಬೆಳಗಿನ ಹೊತ್ತು ಸಂತೆಗೆ, ಕಚೇರಿಗೆ ಹೋಗುವ ಜನ; ಯಾವ ಹಳ್ಳಿಯಲ್ಲಿ ಯಾವ ಹೆಂಗಸಿಗೆ ನೋವು ಬಂದರೂ ಅವರು ಸಾಮಾನು ಇಳಿಸಿಕೊಂಡು ಗಾಡಿ ಬಿಟ್ಟುಕೊಡುತ್ತಿದ್ದರು. ಹಿಂದೂ ಮುಸಲ್ಮಾನ ಎನ್ನದೆ ಹತ್ತಿದರು. ಹಲಗೆಯನ್ನು ಎಲ್ಲ ಮನೆಯ ಗಂಡಸರೂ ಮೆಚ್ಚಿದರು. ಸೂಲಗಿತ್ತಿ ಮುನಿಯಲ್ಲಮ್ಮ ಒಬ್ಬಳು ಮಾತ್ರ ತನ್ನ ತೆಲುಗು ಬೆರೆತ ಮಾತಿನಲ್ಲಿ ಗೊಣಗುತ್ತಿದ್ದಳು: "ಏಮಪ್ಪಾ ಸಾಬೂ, ಮೆತ್ತಗೆ ಹೋಗ್ತದೆ, ಒಪ್ಕೊಂಡೆ. ಆದ್ರೆ ಬಾವಿ ಒಳಗೆ ಕೂತ್ಕೊಂಡಂಗಾಗ್ತದೆ ಕಣಪ್ಪಾ."

ಅವನು ನಗುತ್ತಿದ್ದ. ದಿನದ ಕೆಲಸ ಮುಗಿದ ಮೇಲೆ ಹಟ್ಟಿಗೆ ಒಬ್ಬನೇ ಹೋಗುತ್ತಿದ್ದ. ಮನೆಗೆ ಸುಣ್ಣ ಹೊಡೆಸಿದ್ದ, ಹೊಸ ಒಲೆ ತಂದಿಟ್ಟಿದ್ದ, ಆ ಒಲೆಯನ್ನು ಹಚ್ಚುವುದಿಲ್ಲ ಎಂದು ಪಕ್ಕದ ಇಮಾಮ್ ಸಾಬ್ ನನಗೆ ಹೇಳಿದ. ಅಂಗಳದಲ್ಲಿ ಮೂರು ಕಲ್ಲಿಟ್ಟು ಬೇಯಿಸಿಕೊಳ್ಳುತ್ತಿದ್ದನಂತೆ.

ನಲವತ್ತೆಂಟರ ಸುಗ್ಗಿಯ ಕಾಲ. ಶ್ರೀನಿವಾಸಪುರದ ದಾರಿಯಲ್ಲಿ, ಗುಡ್ಡದ ಒಳಗಿನ ಒಂದು ಹಳ್ಳಿಯಿಂದ ಬೆಳಗ್ಗೆ ಒಬ್ಬ ಮನುಷ್ಯ ಓಡಿಬಂದ. ಬಳೆ ಮಾರುವವರ ಮನೆಯ ಸೊಸೆ, ಶರೀಫುನ್ನೀಸಾ ಎಂದು ಹೆಸರು, ಹಿಂದಿನ ಸಂಜೆಯಿಂದ ನೋವು. ಓಬೇದುಲ್ಲಾ ಹೊರಟ. ಗಾಡಿಯನ್ನು ಬಾಗಿಲ ಮುಂದೆ ನಿಲ್ಲಿಸಿ, ಕಟ್ಟಲೆಯ ಪ್ರಕಾರ ಇಪ್ಪತ್ತು ಹೆಜ್ಜೆ ಮುಂದೆ ಹೋಗಿ ಬೇಲಿಯ ಕಡೆ ಮುಖ ಮಾಡಿ ನಿಂತ. ಹೆಂಗಸನ್ನು ತಂದು ಮಲಗಿಸಿದರು, ಜೊತೆಗೆ ಬುರ್ಖಾದ ಇನ್ನಿಬ್ಬರು ಹತ್ತಿದರು. ಹಿಂದಿನ ಪರದೆ ಬಿತ್ತು. ಇವನು ಬಂದು ಗಾಡಿ ಎಬ್ಬಿಸಿದ.

ಹನ್ನೊಂದು ಮೈಲಿ ದಾರಿ. ಎರಡನೇ ಮೈಲಿಯಲ್ಲಿ ಹಲಗೆಯ ಮೇಲೆ ಒಂದು ಸಲ ತಟ್ಟಿದ ಸದ್ದು. ನಿಧಾನ ಮಾಡಿದ. ಸ್ವಲ್ಪ ಹೊತ್ತಿಗೆ ಮತ್ತೆ ಒಂದು ಸಲ. ಇನ್ನೂ ನಿಧಾನ ಮಾಡಿದ. ಹಳ್ಳ ಇಳಿಯುವ ಮೊದಲು ಮೂರನೆಯ ಸಲ. ಆಗ ಎತ್ತು ನಡೆಯುವ ಹಾಗೆ ನಡೆಸಿದ, ಒಂದು ಹರಳೂ ಸಿಡಿಯದಂತೆ. ಆಮೇಲೆ ಸದ್ದಿಲ್ಲ. ಆಸ್ಪತ್ರೆಯ ಮುಂದೆ ನಿಲ್ಲಿಸಿ ಇಳಿದು, ಆಚೆ ತಿರುಗಿ ನಿಂತ. ಮಧ್ಯಾಹ್ನದ ಹೊತ್ತಿಗೆ ಭಾರತಮ್ಮ ಹೊರಗೆ ಬಂದು, ಗಂಡು ಮಗು, ತಾಯಿ ಚೆನ್ನಾಗಿದ್ದಾಳೆ ಎಂದರು. ಅವತ್ತು ನನ್ನ ಕುಲುಮೆಗೆ ಬಂದು, "ಮೂರು ಸಲ ತಟ್ಟಿದ್ರು ಕಣೋ, ಮೂರು ಸಲಾನೂ ಅವರು ಕೇಳಿದಷ್ಟು ನಿಧಾನ ಮಾಡ್ದೆ," ಎಂದು ಹೇಳಿ ನೀರು ಕುಡಿದು ಹೋದ.

ಹತ್ತು ದಿನ ಕಳೆದಿರಬೇಕು. ನಜೀರ್ ಅಹಮದ್ ನಂಗಲಿಯಿಂದ ಬಸ್ಸಿಳಿದು ನೇರವಾಗಿ ಬಂದ. ಓಬೇದುಲ್ಲಾ ಗಾಡಿಯ ಕೆಳಗೆ ಮಲಗಿ ಏನೋ ಬಿಗಿಯುತ್ತಿದ್ದ. ಕಾಲು ಮಾತ್ರ ಕಾಣುತ್ತಿತ್ತು. ನಜೀರ್ ಭಾವನ ಆ ಕಾಲಿಗೇ ಮಾತಾಡಿದ.

"ದೂಲ್ಹಾಭಾಯ್, ಹೊರಗೆ ಬನ್ನಿ. ನಿಮಗೆ ಅಷ್ಟು ಗರ್ವಾನಾ?"

ಇವನು ಮೈಯೆಲ್ಲ ಎಣ್ಣೆ ಮಾಡಿಕೊಂಡು ಎದ್ದು ಬಂದ. "ಏನಾಯ್ತು ಭಾಯ್?"

"ಏನಾಯ್ತಾ? ನನ್ನ ತಂಗಿ ನಿಮ್ಮ ಗಾಡೀಲಿ ಹನ್ನೊಂದು ಮೈಲಿ ಬಂದಿದ್ದಾಳೆ. ಹೇಗಿದೀಯ ಅಂತ ಒಂದು ಮಾತು ಕೇಳಕ್ಕೆ ಆಗ್ಲಿಲ್ವಾ?"

ಬಳೆ ಮಾರುವವರ ಸೊಸೆ ನಜೀರನ ಚಿಕ್ಕಪ್ಪನ ಮಗಳು. ಅವಳ ಹೆರಿಗೆಗೆಂದು ಅಖ್ತರ್ ಬಾನು ಆ ಹಳ್ಳಿಗೆ ಹೋಗಿದ್ದಳು. ಜೊತೆಗೆ ಹತ್ತಿದ ಇಬ್ಬರಲ್ಲಿ ಒಬ್ಬಳು ಅವಳು. ಆ ತಾಲ್ಲೂಕಿನಲ್ಲಿ ಅಂತಹ ಗಾಡಿ ಒಂದೇ ಇದ್ದುದು, ಓಡಿಸುವವನು ಒಬ್ಬನೇ. ಯಾರ ಗಾಡಿ ಎಂದು ಅವಳಿಗೆ ಗೊತ್ತಿತ್ತು. ಹತ್ತಿದವರು ಯಾರೆಂದು ಅವನಿಗೂ ಗೊತ್ತಿರಬೇಕು ಎಂದು ಅವಳು ತಿಳಿದಳು. ಮೂರು ಸಲ ಹಲಗೆ ತಟ್ಟಿ ಕರೆದದ್ದು ಅವಳು. ಮೂರು ಸಲವೂ ಗಾಡಿ ನಿಧಾನವಾಯಿತೇ ಹೊರತು ಅವನ ದನಿ ಬರಲಿಲ್ಲ.

ಓಬೇದುಲ್ಲಾ ಎಣ್ಣೆಯ ಕೈಯನ್ನು ಅಂಗಿಗೆ ಒರೆಸಿಕೊಂಡ. "ನಾನು ನೋಡ್ಲಿಲ್ಲ ಭಾಯ್. ನಾನು ನೋಡಲ್ಲ, ನಿಮಗೆ ಗೊತ್ತಲ್ಲ," ಎಂದ.

"ಅದನ್ನ ಅವಳ ಮುಂದೆ ಹೇಳಿ," ಎಂದ ನಜೀರ್. ಕೋಪ ಅಷ್ಟರಲ್ಲೇ ಇಳಿದಿತ್ತು.

ಅದೇ ದಿನ ಹೊರಟೆವು. ನಜೀರ್ ಮುಂದೆ ಕೂತ, ನಾನು ಹಲಗೆಯ ಹಿಂದೆ ಕೂತೆ. ಗಾಡಿಯನ್ನು ಕಟ್ಟಿದವನು ನಾನೇ ಆದರೂ ಹಲಗೆ ಹಾಕಿದ ಮೇಲೆ ಒಳಗೆ ಕೂತದ್ದು ಅದೇ ಮೊದಲು. ಮೆತ್ತಗೆ ಹೋಗುತ್ತಿತ್ತು, ತೊಟ್ಟಿಲಿನ ಹಾಗೆ. ಮುಂದೆ ಏನು ಬರುತ್ತಿದೆ ಎಂದು ತಿಳಿಯುವುದಿಲ್ಲ. ಮುಂದಿದ್ದವರ ಮಾತು ಗೊಣಗಿದ ಹಾಗೆ ಕೇಳಿ ನಿಂತುಹೋಗುತ್ತಿತ್ತು. ನೆಟ್ಟಗಿರುವ ಗಂಡಸು ನಾನು, ನಾನೇ ನಂಗಲಿ ಬರುವಷ್ಟರಲ್ಲಿ ಎರಡು ಸಲ ಹಿಂದಿನ ಪರದೆ ಎತ್ತಿ ಹೊರಗೆ ನೋಡಿದೆ. ಮುನಿಯಲ್ಲಮ್ಮ ಹೇಳಿದ್ದನ್ನು ನಾವಿಬ್ಬರೂ ನಕ್ಕು ಬಿಟ್ಟಿದ್ದೆವು.

ನಜೀರನ ಮನೆ ಲಾರಿಗಳು ನಿಲ್ಲುವ ಸಾಲಿನ ಹಿಂದೆ. ನಾನು ಹೊರಗೆ ಜಗಲಿಯಲ್ಲಿ ಕೂತೆ. ಓಬೇದುಲ್ಲಾ ನಡುಮನೆಗೆ ಹೋಗಿ ಬಾಗಿಲ ಪರದೆಯ ಈಚೆ ನಿಂತ. ಅವರು ಮನೆಮಾತಿನಲ್ಲಿ ಆಡಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನನಗೆ ಆ ಮಾತು ಚಿಕ್ಕಂದಿನಿಂದ ಬರುತ್ತದೆ.

"ನೀನು ಅಂತ ಗೊತ್ತಿರಲಿಲ್ಲ, ಅಲ್ಲಾನ ಆಣೆ," ಎಂದ ಓಬೇದುಲ್ಲಾ.

ಒಳಗಿನಿಂದ ಆಕೆಯ ದನಿ ಬಂತು, ಜೋರೂ ಇಲ್ಲ, ಅಳುವೂ ಇಲ್ಲ. "ನಿಮ್ಮ ಮಾತು ನಂಬ್ತೀನಿ. ಗರ್ವ ಅಂದ್ಕೊಂಡಿದ್ದೆ, ಅದು ನನ್ನ ತಪ್ಪು."

"ಗಾಡಿ ಹೆಂಗಿತ್ತು? ಕುಲುಕ್ತಾ?"

ಅವನು ಆಗ ಅದನ್ನು ಕೇಳಬಾರದಿತ್ತು. ನಾನು ಜಗಲಿಯಲ್ಲಿ ಕೂತು ತಲೆ ಚಚ್ಚಿಕೊಂಡೆ. ಒಳಗೆ ಆಕೆ ನಕ್ಕ ಹಾಗಾಯಿತು.

"ಇಲ್ಲ. ಒಂದಿಷ್ಟೂ ಕುಲುಕ್ಲಿಲ್ಲ."

"ನಿನಗೋಸ್ಕರ ಮಾಡಿದ್ದು ಅದು. ಆ ದಾರೀಲಿ ಗಾಡಿ ಹತ್ತಲ್ಲ ಅಂದಿದ್ದೆಯಲ್ಲ."

"ಕುಲುಕಿದ್ದಕ್ಕೆ ಹೇಳ್ಲಿಲ್ಲ ನಾನು." ಮತ್ತೆ ಹೇಳಿದಳು: "ಆವತ್ತು ಎತ್ತಿನ ಗಾಡೀಲಿ ಮಗು ಬಂದ್ಬಿಡ್ತು. ಅತ್ತೆಗೆ ಕಣ್ಣು ಕಾಣ್ತಿರಲಿಲ್ಲ. ಮಗು ಅಳಲಿಲ್ಲ. ಚಾಚಾ ನಿಲ್ಸಿ, ಚಾಚಾ ನೋಡಿ, ಅಂತ ಕೂಗ್ದೆ. ಇಮಾಮ್ ಚಾಚಾ ಒಳ್ಳೇವರು. ತಿರುಗಲಿಲ್ಲ. ಹೆದರಬೇಡ ತಾಯಿ, ನಾನು ನೋಡ್ತಿಲ್ಲ, ಅಂದ್ರು. ಎತ್ತುಗಳನ್ನ ಇನ್ನೂ ಜೋರಾಗಿ ಹೊಡೆದ್ರು. ಅಷ್ಟು ದೂರ ಅವರ ಬೆನ್ನು ನೋಡ್ತಾ ಬಂದೆ, ಮಡಿಲಲ್ಲಿ ಅದನ್ನ ಇಟ್ಕೊಂಡು. ಇನ್ನೊಬ್ಬರ ಬೆನ್ನು ನೋಡ್ತಾ ಆ ದಾರೀಲಿ ಬರಲ್ಲ ಅಂದೆ. ನೀವು ಬೆನ್ನೂ ಕಾಣದ ಹಾಗೆ ಹಲಗೆ ಹಾಕಿದ್ರಿ."

ಹೊರಗೆ ಒಂದು ಲಾರಿ ಹೊರಟು ಅದರ ಸದ್ದು ಗಡಿಯ ಚೌಕಿಯ ಕಡೆ ಹೋಗಿ ಮುಗಿಯಿತು. ಆಮೇಲೆ ಓಬೇದುಲ್ಲಾನ ದನಿ ಕೇಳಿತು.

"ಕಿತ್ತು ಹಾಕ್ತೀನಿ. ಇವತ್ತೇ ಕಿತ್ತು ಹಾಕ್ತೀನಿ. ಬರ್ತೀಯ?"

"ಕಿತ್ತು ಹಾಕಿ. ನನಗೋಸ್ಕರ ಅಲ್ಲ." ಆಕೆಯೇ ಮುಂದುವರಿಸಿದಳು: "ನರ್ಸಮ್ಮನವರು ಆವತ್ತು ನನ್ನ ಕೈ ನೋಡಿದ್ರು, ಗಟ್ಟಿ ಕೈ ಅಂದ್ರು. ಕೋಲಾರದಲ್ಲಿ ಹೆರಿಗೆ ವಾರ್ಡಿಗೆ ಆಯಾ ಬೇಕಂತೆ, ಇರೋದಕ್ಕೆ ಕೋಣೆ ಕೊಡ್ತಾರಂತೆ. ಭಾಯ್ ಒಪ್ಪಿದ್ದಾನೆ. ನೀವೂ ಒಪ್ಪಬೇಕು."

"ನಾನು ಒಪ್ಪದೆ ಇದ್ರೆ?"

"ಇಲ್ಲೇ ಇರ್ತೀನಿ. ಹಟ್ಟಿಗೆ ಬರಲ್ಲ. ನಿಮ್ಮ ಮೇಲೆ ಸಿಟ್ಟಿಲ್ಲ. ಆ ಮನೆಗೆ ಹೋಗೋ ದಾರಿ ಅದೊಂದೇ ಅಲ್ವಾ, ಆ ಮೂರು ಮೈಲಿ ದಾಟೋಕೆ ನನ್ನ ಕೈಲಾಗಲ್ಲ. ಗಾಡಿ ಎಂಥದ್ದಾದ್ರೂ ಆಗಲ್ಲ."

ಮನೆಯನ್ನೇ ಬಿಟ್ಟು ಕೋಲಾರಕ್ಕೆ ತಾನೂ ಬರುತ್ತೇನೆ ಎಂದು ಅವನು ಹೇಳಬಹುದು ಎಂದು ನಾನು ಕಾದೆ. ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಆಮೇಲೆ ಒಂದು ದಿನ ನಾನೇ ಕೇಳಿದೆ. "ಕರೀಲಿಲ್ಲವಲ್ಲ ಕಣೋ. ಕರೆದಾಗ ನಾನು ನಿಧಾನ ಮಾಡ್ದೆ," ಎಂದ. ಅವತ್ತು ನಂಗಲಿಯಲ್ಲಿ ಅವನು ಹೇಳಿದ್ದು ಇಷ್ಟೇ: "ಹೋಗು. ಚೆನ್ನಾಗಿರು."

ಹಲಗೆಯನ್ನು ಅವನು ಮಾರನೆಯ ಬೆಳಗ್ಗೆ ತೆಗೆದ. ನಾನೇ ಮೊಳೆ ಕಿತ್ತುಕೊಟ್ಟೆ. ಅದರಿಂದ ಕೆಲಸ ಸುಲಭವಾಯಿತೆಂದು ಯಾರೂ ತಿಳಿಯಬೇಡಿ. ಮೊಹಲ್ಲಾದವರು ಎರಡು ತಿಂಗಳು ಅವನ ಗಾಡಿಯನ್ನು ಕರೆಯಲಿಲ್ಲ. ಅವನನ್ನು ಹೊಗಳುತ್ತಿದ್ದ ಮುದುಕಿಯರಲ್ಲಿ ರಹಮತುನ್ನೀಸಾ ಎಂಬಾಕೆ ಬೀದಿಯಲ್ಲೇ ನಿಲ್ಲಿಸಿ ಕೇಳಿದಳು:

"ಏನೋ ಓಬೇದು, ಮಿಲಿಟರಿಗೆ ಹೋಗಿ ನಾಚಿಕೇನ ಅಲ್ಲೇ ಬಿಟ್ಟು ಬಂದ್ಯಾ?"

"ಹಿಂದೆ ಕೂತೋರು ಸತ್ತರೂ ಗೊತ್ತಾಗಲ್ಲ ನಾನೀ, ಅದಕ್ಕೇ ತೆಗೆದೆ."

"ಹೆಂಗಸರು ಸತ್ತರೂ ಮರ್ಯಾದೆ ಹೋಗಬಾರದು."

"ನಾನೂ ಹಂಗೇ ಅಂದ್ಕೊಂಡಿದ್ದೆ," ಎಂದ ಓಬೇದುಲ್ಲಾ. ಜಗಳದ ದನಿಯಲ್ಲ, ಒಪ್ಪಿಕೊಂಡವನ ದನಿ. ಮುದುಕಿ ಅವನ ಮುಖ ನೋಡಿ ದಾರಿ ಬಿಟ್ಟಳಂತೆ.

ಆಮೇಲೆ ಮುನಿಯಲ್ಲಮ್ಮನೇ ಒಂದು ದಾರಿ ಮಾಡಿದಳು. ಯಾವ ಹಳ್ಳಿಗೆ ಹೋದರೂ ತಾನು ಜೊತೆಗೆ ಬರುವುದು, ಹೆಂಗಸರಿಗೂ ಇವನಿಗೂ ನಡುವೆ ತಾನು ಕೂರುವುದು, ಬೇಕಾದಾಗ ಇವನ ಹೆಗಲಿಗೆ ಬಡಿದು ತಿರುಗಿಸಿ ಹೇಳುವುದು. ಎಪ್ಪತ್ತರ ಆ ಮುದುಕಿಯನ್ನು ಪರದೆ ಎಂದೇ ಮೊಹಲ್ಲಾದವರು ಒಪ್ಪಿಕೊಂಡರು. ಅವಳ ಬಾಯಿ ಮಾತ್ರ ಯಾವ ಪರದೆಗೂ ಇರದಷ್ಟು ಜೋರು. "ನೋಡು ಸಾಬೂ, ಇಲ್ಲಿ ನೋಡು, ಈಗ ನೋಡಬೇಡ," ಎಂದು ದಾರಿಯುದ್ದಕ್ಕೂ ಕೂಗುತ್ತಿದ್ದಳು. ಇವನ ಕತ್ತು ಮೊದಮೊದಲು ತುಕ್ಕು ಹಿಡಿದ ತಿರುಪಿನಂತೆ ತಿರುಗುತ್ತಿತ್ತು.

ಅಖ್ತರ್ ಬಾನು ಕೋಲಾರಕ್ಕೆ ಬಸ್ಸಿನಲ್ಲಿ ಹೋದಳು. ಹೋದ ದಿನ ಬಸ್ಸು ಮುಳಬಾಗಿಲಿನಲ್ಲಿ ನಿಂತಿತ್ತು. ಇವನು ಕುಲುಮೆಯಲ್ಲಿ ನನ್ನ ಪಕ್ಕದಲ್ಲಿ ಕೂತಿದ್ದ, ಬಸ್ಸು ಹೊರಡುವವರೆಗೆ ಏಳಲಿಲ್ಲ. ಹಟ್ಟಿಯ ಹೊಸ ಒಲೆಯನ್ನು ಇಮಾಮ್ ಸಾಬನ ಸೊಸೆಗೆ ಬಿಟ್ಟುಕೊಟ್ಟ. ಮನೆಯ ಬಾಗಿಲು ಹಾಕಿ, ಊರೊಳಗೆ ಹಳೆಯ ಜಟಕಾ ಕೊಟ್ಟಿಗೆಯಲ್ಲೇ ಮಲಗತೊಡಗಿದ. ಸಂಜೆ ನನ್ನ ಹತ್ತಿರ ಕೂರುತ್ತಿದ್ದ, ಬೀಡಿ ಸೇದುತ್ತಿದ್ದ, ಎದ್ದು ಓಡುವುದಕ್ಕೆ ಕಾರಣವಿರಲಿಲ್ಲ. ಕೆಂಡ ಬೂದಿಯಾಗುವವರೆಗೆ ಕೂತಿರುತ್ತಿದ್ದೆವು.

ನಲವತ್ತೊಂಬತ್ತರಲ್ಲಿ ಒಂದು ದಿನ ಮುಳಬಾಗಿಲಿನ ಡಾಕ್ಟರು ಒಂದು ಕೇಸನ್ನು ಕೈಯಲ್ಲಾಗುವುದಿಲ್ಲವೆಂದು ಕೋಲಾರಕ್ಕೆ ಬರೆದರು. ಚಿಕ್ಕವೆಂಕಟಮ್ಮ ಎನ್ನುವ ಹೆಂಗಸು, ಗಂಡನ ಕಡೆ ಯಾರೂ ಊರಲ್ಲಿಲ್ಲ. ಎತ್ತಿ ಇಳಿಸಲು ಆಳು ಬೇಕೆಂದು ಓಬೇದುಲ್ಲಾ ನನ್ನನ್ನು ಕರೆದ. ದಾರಿಯಲ್ಲಿ ಹದಿನೆಂಟು ಮೈಲಿಯೂ ಅವನು ಮತ್ತೆ ಮತ್ತೆ ತಿರುಗಿ ನೋಡುತ್ತಿದ್ದ. "ಇದೀಯಾ ತಾಯಿ?" ಎನ್ನುತ್ತಿದ್ದ. ಅವಳು "ಇದೀನಣ್ಣ" ಎನ್ನುತ್ತಿದ್ದಳು.

ಕೋಲಾರದ ಆಸ್ಪತ್ರೆಯ ಬಾಗಿಲಿಗೆ ಸ್ಟ್ರೆಚರು ತಂದವಳು ಅಖ್ತರ್ ಬಾನು. ಬಿಳಿಯ ಸೀರೆ, ತಲೆಯ ಮೇಲೆ ಸೆರಗು, ಮುಖ ಬಯಲಾಗಿತ್ತು. ಏಳು ವರ್ಷದ ಮೇಲೆ ಅವನು ಆ ಮುಖ ನೋಡಿದ್ದು. ನಾನು ಸ್ಟ್ರೆಚರಿಗೆ ಕೈ ಹಾಕಲು ಹೋದವನು ಹಿಂದೆ ಸರಿದೆ. ತಲೆಯ ಕಡೆ ಅವಳು ಹಿಡಿದಳು, ಕಾಲಿನ ಕಡೆ ಅವನು ಹಿಡಿದ. ಎದುರುಬದುರಾಗಿ ಎತ್ತಿದರು. ಅವಳು ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಅವನನ್ನೇ ನೋಡುತ್ತಾ ನಡೆದಳು.

"ನಿಧಾನ. ಮೆಟ್ಟಿಲಿದೆ," ಎಂದಳು.

"ಎಷ್ಟು?"

"ಮೂರು."

ಮೂರು ಮೆಟ್ಟಿಲು ಹತ್ತಿದರು. ಒಳಗಿನ ಬಾಗಿಲಲ್ಲಿ ಇನ್ನೊಬ್ಬ ಆಯಾ ಬಂದು ಅವನ ಕೈಯಿಂದ ಹಿಡಿ ತೆಗೆದುಕೊಂಡಳು. ಬಾಗಿಲು ಮುಚ್ಚಿತು. ಓಬೇದುಲ್ಲಾ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು ಇಳಿದು ಬಂದ.

ಗಾಡಿಯ ಜಮಖಾನದ ಮೇಲೆ ರಕ್ತವಿತ್ತು. ಆಸ್ಪತ್ರೆಯ ನಲ್ಲಿಯಲ್ಲಿ ಅದನ್ನು ತೊಳೆದು, ಹಿಂಡಿ, ಕ್ಯಾನ್ವಾಸಿನ ಮೇಲೆ ಹರವಿದ. ಒದ್ದೆಯಾದ ಹುಲ್ಲನ್ನು ಎಳೆದು ಎಸೆದು, ಹೊಸ ಹುಲ್ಲಿಗೆ ಸುಗಟೂರಿನ ಕಡೆಯವರ ಒಂದು ಗಾಡಿಯನ್ನು ನಿಲ್ಲಿಸಿ ಕೇಳಿ ತಂದ. ಎಲ್ಲ ಮುಗಿದ ಮೇಲೆ, ಹೊರಡೋಣವೇ ಎಂದು ನಾನು ಕೇಳಿದೆ.

"ನೀನು ಬಸ್ಸಲ್ಲಿ ಹೋಗು ಆವಲಪ್ಪ," ಎಂದ. "ಆ ಹೆಂಗಸಿನದು ಏನಾಗುತ್ತೋ ಅಂತ ಕೇಳ್ಕೊಂಡು ಬರ್ತೀನಿ."

ನಾನು ಬಸ್ಸಿಗೆ ಹೋದೆ. ಅವನು ನಾಲ್ಕನೆಯ ದಿನ ಬಂದ, ತಾಯಿ ಮಗು ಇಬ್ಬರನ್ನೂ ಕೂರಿಸಿಕೊಂಡು. ಅವರನ್ನು ಅವರ ಊರಲ್ಲಿ ಇಳಿಸಿ, ಗಾಡಿಯನ್ನು ನನ್ನ ಕುಲುಮೆಯ ಮುಂದೆ ನಿಲ್ಲಿಸಿ, ಒಬ್ಬನೇ ಕೊಟ್ಟಿಗೆಯ ಬಾಗಿಲು ತೆರೆದು ಒಳಗೆ ಹೋದ.